ಅಜ್ಜಿಯ ಅಂಗಡಿಗೆ ಬೋಣಿ ಯಾರದು?

ಅಜ್ಜಿಯ ತಿಥಿಯ ದಿನ ನಿಮಗಿಂತ ಜೋರಾಗಿ ಇನ್ಯಾರೋ ಅತ್ತರೆ ನಿಮಗೆ ಏನನ್ನಿಸುತ್ತದೆ?

ಸಮಾಧಾನ ಅನ್ನಿಸಬೇಕು. ಪಾಪ, ನಮ್ಮಜ್ಜಿಯ ಮೇಲೆ ಎಷ್ಟು ಪ್ರೀತಿ ಇಟ್ಟುಕೊಂಡಿದ್ದಾರೆ ಅನ್ನಿಸಬೇಕು. ಒಳ್ಳೆಯವರಿಗೆ ಹಾಗೆಯೇ ಅನ್ನಿಸುತ್ತದಂತೆ.

ನನಗೆ ಹೊಟ್ಟೆ ಉರಿಯಿತು.

ಮೊನ್ನೆ ಕೋಡಿಹಳ್ಳಿಯಲ್ಲಿ ನಮ್ಮಜ್ಜಿ ಪುಟ್ಟತಾಯಮ್ಮನ ತಿಥಿ. (ಹೋದ ವಾರ ಈ ಅಂಕಣ ಬಾರದಿದ್ದುದಕ್ಕೆ ಕಾರಣ ಅದೇ. ‘ಸರಕು ಖಾಲಿಯಾಯಿತೇ?’ ಎಂದು ಫೋನ್ ಮಾಡಿ ವಿಚಾರಿಸಿದ ಓದುಗರಿಗೆ ವಿಶೇಷ ನಮಸ್ಕಾರ.) ತೊಂಬತ್ತು ದಾಟಿದ ಜೀವ. ಸಾಯುವ ಹಿಂದಿನ ಸಂಜೆಯವರೆಗೂ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡಿ, ಬಾಗಿಲ ಹಲಗೆ ಹಾಕಿಸಿ, ಉಂಡು ಮಲಗಿದವಳು ಬೆಳಗ್ಗೆ ಏಳಲಿಲ್ಲ. ಊರೆಲ್ಲ ‘ಪುಣ್ಯವಂತೆ’ ಅಂದಿತು. ನಾನೂ ಹೌದು ಹೌದು ಅಂದೆ. ಒಳಗೊಳಗೇ ಅದಕ್ಕೂ ಸ್ವಲ್ಪ ಅಸೂಯೆ. ನನಗೆ ಈಗಲೇ ಬಿಪಿ, ಗ್ಯಾಸ್ಟ್ರಿಕ್, ಎಡಗಡೆ ಮಂಡಿ. ನಾನು ಅಷ್ಟು ಸಲೀಸಾಗಿ ಹೋಗುವ ಲಕ್ಷಣ ಕಾಣುತ್ತಿಲ್ಲ.

ಎಡೆ ಇಟ್ಟಾಗಿತ್ತು. ಶಾಮಿಯಾನದ ಕೆಳಗೆ ಮೊದಲ ಪಂಕ್ತಿ ಕೂತಿತ್ತು. ಮುದ್ದೆ, ಮಟನ್ ಸಾರು. ನಾನು ಹಿರಿಯ ಮೊಮ್ಮಗನಿಗೆ ತಕ್ಕಂತೆ ಹೆಗಲಿಗೊಂದು ಟವೆಲ್ ಹಾಕಿಕೊಂಡು, ಬಂದವರಿಗೆಲ್ಲ ಕೈಮುಗಿಯುತ್ತಾ, ಯಾರಾದರೂ ಅಜ್ಜಿಯ ಮಾತೆತ್ತಿದಾಗ ಕಣ್ಣೊರೆಸಿಕೊಳ್ಳುತ್ತಾ ಇದ್ದೆ. ಆಗ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಒಳಗಿನ ವಯಸ್ಸು. ಕೊರಳಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಐಡಿ ಕಾರ್ಡು, ಕೈಯಲ್ಲಿ ಟಿಫನ್ ಚೀಲ. ಅರ್ಧ ದಿನ ರಜೆ ಹಾಕಿ ಬಂದಿದ್ದಳೆಂದು ಆಮೇಲೆ ತಿಳಿಯಿತು. ಸೀದಾ ಎಡೆಯ ಮುಂದೆ ಹೋಗಿ, ಚೀಲದಿಂದ ಒಂದು ಪ್ಯಾಕೆಟ್ ಕ್ರೀಮ್ ಬಿಸ್ಕತ್ತು ತೆಗೆದು ಎಲೆಯ ಮೇಲಿಟ್ಟು, ‘ಅಜ್ಜೀ...’ ಅಂದವಳೇ ಕುಸಿದು ಕೂತು ಅತ್ತಳು. ಎಂಥ ಅಳು! ಉಣ್ಣುತ್ತಿದ್ದವರ ಕೈ ನಿಂತುಹೋಯಿತು. ಅಲ್ಲಿಯವರೆಗೆ ನಾನು ಅತ್ತಿದ್ದೆಲ್ಲ ಬರೀ ನೆಗಡಿಯಂತೆ ಕಂಡಿತು.

ನಾನು ಮೊದಲು ಗಮನಿಸಿದ್ದು ಬಿಸ್ಕತ್ತನ್ನು. ‘ಅಜ್ಜಿಗೆ ಸಕ್ಕರೆ ಕಾಯಿಲೆಯ ಭಯ ಇತ್ತಮ್ಮ. ಅವರು ಇದನ್ನೆಲ್ಲ ತಿನ್ನುತ್ತಿರಲಿಲ್ಲ’ ಅಂದೆ.

(ಭಯ ಇದ್ದದ್ದು ನನಗೆ. ಆಕೆಗಲ್ಲ. ಆದರೆ ಅಷ್ಟು ವಿವರ ಯಾಕೆ?)

‘ಅಯ್ಯೋ, ಇದಂದ್ರೆ ಅಜ್ಜಿಗೆ ಪ್ರಾಣ ಸಾರ್’ ಅಂದಳು ಆಕೆ ಮೂಗೊರೆಸಿಕೊಂಡು. ‘ಎರಡ್ ಬಿಲ್ಲೆ ಬಿಡ್ಸಿ, ಮೊದ್ಲು ಕ್ರೀಮ್ ಕೆರ್ಕಂಡು ತಿನ್ನೋರು.’

ನಾನು ಪ್ರತಿ ತಿಂಗಳು ಕನಕಪುರದಿಂದ ಅಜ್ಜಿಗೆಂದು ಸಕ್ಕರೆ ಹಾಕದ ರಸ್ಕು ಒಯ್ಯುತ್ತಿದ್ದೆ. ಪಕ್ಕದಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದ ಗೌರತ್ತೆಯನ್ನು (ಅಜ್ಜಿಯ ಮಗಳು, ನನ್ನ ಸೋದರತ್ತೆ, ಇಷ್ಟು ವರ್ಷ ಅಜ್ಜಿಯ ಜೊತೆಗಿದ್ದು ನೋಡಿಕೊಂಡವಳು) ಮೆಲ್ಲಗೆ ಕೇಳಿದೆ: ‘ಹಾಗಾದರೆ ನನ್ನ ರಸ್ಕು?’

‘ಅವಾ? ಮಾರ್ಬುಡೋಳು’ ಅಂದಳು ಗೌರತ್ತೆ.

ಇಷ್ಟಾದರೂ ನಾನು ತಡೆದುಕೊಂಡೆ. ವಿಮೆ ಏಜೆಂಟ್ ಕೆಲಸ ಮಾಡುವವನಿಗೆ ತಡೆದುಕೊಳ್ಳುವ ಅಭ್ಯಾಸ ಇರುತ್ತದೆ. ಗೌರವದಿಂದಲೇ ಕೇಳಿದೆ: ‘ತಾವು ಯಾರು ಅಂತ ಗೊತ್ತಾಗಲಿಲ್ಲ?’

ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: ‘ನಾನು ಸವಿತಾ ಅಂತ ಸಾರ್. ಅಜ್ಜಿ ಅಂಗ್ಡಿಗೆ ಬೋಣಿ ಮಾಡ್ತಿದ್ದೋಳು.’

ಹೆಗಲ ಮೇಲಿನ ಟವೆಲ್ ಜಾರಿತು. ಯಾಕೆಂದರೆ, ಮಹನೀಯರೇ, ಅಜ್ಜಿಯ ಅಂಗಡಿಗೆ ಬೋಣಿ ನಾನು!

ಇದನ್ನು ಸ್ವಲ್ಪ ವಿವರಿಸಬೇಕು. ಈಗಿನ ಸೂಪರ್ ಮಾರ್ಕೆಟ್‌ಗಳಲ್ಲಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಯಾರು ಮೊದಲು ಬಂದರು, ಯಾರು ಕೊನೆಗೆ ಬಂದರು ಎಂದು ಕೇಳುವವರಿಲ್ಲ. ನಮ್ಮ ಕಡೆಯ ಸಣ್ಣ ಅಂಗಡಿಗಳಲ್ಲಿ ಹಾಗಲ್ಲ. ದಿನದ ಮೊದಲ ವ್ಯಾಪಾರ ಬೋಣಿ. ಮೊದಲ ಗಿರಾಕಿಯ ಕೈಗುಣ ಚೆನ್ನಾಗಿದ್ದರೆ ಅವತ್ತೆಲ್ಲ ವ್ಯಾಪಾರ. ಇಲ್ಲದಿದ್ದರೆ ನೊಣ ಹೊಡೆಯುತ್ತಾ ಕೂರಬೇಕು. ಬೋಣಿಯ ಹೊತ್ತಿಗೆ ಸಾಲ ಕೇಳುವಂತಿಲ್ಲ, ಚೌಕಾಸಿ ಮಾಡುವಂತಿಲ್ಲ, ‘ಇದೆಯಾ?’ ಎಂದು ಕೇಳಿ ತೆಗೆದುಕೊಳ್ಳದೆ ಹೋಗುವಂತಿಲ್ಲ.

ಬೇರೆ ಅಂಗಡಿಯವರು ಮೊದಲು ಯಾರು ಬಂದರೆ ಅವರಿಗೆ ಕೊಟ್ಟು, ಒಳಗೊಳಗೇ ದೇವರನ್ನು ನೆನೆಯುತ್ತಿದ್ದರು. ನಮ್ಮಜ್ಜಿ ಹಾಗಲ್ಲ. ಬೋಣಿಗೆ ಯಾರು ಬರಬೇಕೆಂದು ತಾನೇ ನಿರ್ಧರಿಸುತ್ತಿದ್ದಳು. ಅದಕ್ಕೊಂದು ಹಿನ್ನೆಲೆ ಇದೆ.

ತಾತ ಹೋದಾಗ ಅಜ್ಜಿ ಇನ್ನೂ ಹರೆಯದವಳು. ಮೂರು ಮಕ್ಕಳು. ಮನೆಯ ಮುಂದಿನ ಜಗಲಿಯನ್ನೇ ಅಂಗಡಿ ಮಾಡಿದಳು. ಉಪ್ಪು, ಬೆಲ್ಲ, ಬೆಂಕಿಪೊಟ್ಟಣ, ಸೀಮೆಎಣ್ಣೆ, ಬೀಡಿ. ಆದರೆ ಬೆಳಗ್ಗೆ ಎದ್ದು ಗಂಡ ಸತ್ತವಳ ಮುಖ ಯಾರು ನೋಡುತ್ತಾರೆ? ಜನ ಬರುತ್ತಿದ್ದರಂತೆ. ಬಂದು ಎದುರಿನ ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದರಂತೆ. ಎಲ್ಲರಿಗೂ ಸಾಮಾನು ಬೇಕು. ಮೊದಲು ಹೋಗುವುದು ಮಾತ್ರ ಯಾರಿಗೂ ಬೇಡ. ಬೇರೆ ಯಾರಾದರೂ ಹೋಗಲಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುವುದು. ಅಜ್ಜಿ ಈ ಕಡೆ ತಕ್ಕಡಿ ಹಿಡಿದು ಕೂರುವುದು. ಬಿಸಿಲು ಏರುವುದು.

ಒಂದು ಬೆಳಗ್ಗೆ ಆಕೆಗೆ ರೇಗಿಹೋಯಿತು. ಮರದ ಕೆಳಗಿದ್ದವರಿಗೆ ಕೇಳುವಂತೆ, ‘ಯಾರೂ ಬರ್ಬೇಡಿ! ಬೋಣಿ ಯಾರ್ ಮಾಡ್ಬೇಕು ಅಂತ ನಾನ್ ಹೇಳ್ತೀನಿ. ನಿಮ್ ಕೈಗುಣ ಹೆಂಗೈತೋ ಏನೋ, ನಂಗೇನ್ ಗೊತ್ತು?’ ಅಂದಳಂತೆ. ಆಮೇಲೆ ದಾರಿಯಲ್ಲಿ ಹೋಗುವವರಲ್ಲಿ ಒಬ್ಬರನ್ನು ಆರಿಸಿ ಹೆಸರು ಹಿಡಿದು ಕರೆದಳು. ಮಾರನೆಯ ದಿನ ಇನ್ನೊಬ್ಬರನ್ನು. ಜನ ತಬ್ಬಿಬ್ಬಾದರು. ಇಷ್ಟು ದಿನ ಇವಳ ಮುಖ ನೋಡಬಾರದು ಅಂತಿದ್ದವರಿಗೆ, ಇವಳು ನನ್ನನ್ನು ಯಾಕೆ ಕರೆಯುತ್ತಿಲ್ಲ ಎಂಬ ಚಿಂತೆ ಹಿಡಿಯಿತು. ಕೆಲವು ವರ್ಷ ಕಳೆಯುವಷ್ಟರಲ್ಲಿ ಪುಟ್ಟತಾಯಮ್ಮನ ಅಂಗಡಿಗೆ ಬೋಣಿ ಮಾಡುವುದೆಂದರೆ ಕೋಡಿಹಳ್ಳಿಯಲ್ಲಿ ಒಂದು ಮರ್ಯಾದೆ.

ಆ ಮರ್ಯಾದೆ ಹೈಸ್ಕೂಲು ಮುಗಿಯುವವರೆಗೂ ನನ್ನದಾಗಿತ್ತು.

ಮನೆಯಲ್ಲಿ ನನ್ನ ಕೈಗೆ ಒಳ್ಳೆಯ ಹೆಸರಿರಲಿಲ್ಲ. ಲಾಟೀನು ಒರೆಸಲು ಕೊಟ್ಟರೆ ಗಾಜು ಹೋಯಿತು. ರೇಡಿಯೋ ಕಿವಿ ಹಿಂಡಿದರೆ ಅದು ಮತ್ತೆ ಮಾತಾಡಲಿಲ್ಲ. ಅಪ್ಪ ರೇಷ್ಮೆ ಹುಳ ಸಾಕುತ್ತಿದ್ದರು. ಒಂದು ಸಲ ನಾನು ಹುಳದ ಮನೆಗೆ ಹೋಗಿ ಸೊಪ್ಪು ಹಾಕಿ ಬಂದ ವಾರವೇ ಹುಳಕ್ಕೆ ರೋಗ ಬಿದ್ದು, ಇನ್ನೇನು ಗೂಡು ಕಟ್ಟಬೇಕಾದವೆಲ್ಲ ಸತ್ತವು. ಅಲ್ಲಿಂದ ಅಪ್ಪ ನನ್ನನ್ನು ಹುಳದ ಮನೆಯ ಹೊಸಿಲು ದಾಟಲು ಬಿಡಲಿಲ್ಲ. ‘ಇವನ ಕೈ ಸೋಕಿದ್ದು ಏಳಿಗೆ ಆಗಲ್ಲ’ ಅಂದರು. ಅಪ್ಪ ಕೆಟ್ಟವರಲ್ಲ. ಆದರೆ ಆ ಮಾತು ನನ್ನೊಳಗೆ ಹೋಗಿ ಕೂತುಬಿಟ್ಟಿತು. ಇವತ್ತಿಗೂ ಹೊಸ ಮೊಬೈಲ್ ಆನ್ ಮಾಡಲು ಹೆಂಡತಿಯ ಕೈಗೆ ಕೊಡುತ್ತೇನೆ.

ಅದೇ ವಾರ ಅಜ್ಜಿ ನನ್ನನ್ನು ಬೋಣಿಗೆ ಕರೆದಳು.

ಅದೊಂದು ನಾಟಕ. ಅಜ್ಜಿ ಅಂಗಡಿ ಗುಡಿಸಿ, ನೀರು ಚಿಮುಕಿಸಿ, ದೀಪ ಹಚ್ಚಿ, ಊದುಬತ್ತಿಯನ್ನು ತಕ್ಕಡಿಗೆ ಸುತ್ತು ಬರಿಸಿ, ಸೆರಗಿನ ಗಂಟಿನಿಂದ ಒಂದು ಕಾಸು ಬಿಚ್ಚಿ ನನ್ನ ಕೈಗೆ ಕೊಡುವಳು. ನಾನು ಅದನ್ನು ಹಿಡಿದುಕೊಂಡು ಹಿತ್ತಿಲ ಬಾಗಿಲಿಂದ ಹೊರಗೆ ಹೋಗಬೇಕು. ಮನೆ ಸುತ್ತಿಕೊಂಡು ಮುಂದಿನ ಮೆಟ್ಟಿಲಿಗೆ ಬರಬೇಕು. ಅಪರಿಚಿತನಂತೆ ನಿಲ್ಲಬೇಕು. ಅಜ್ಜಿ ತಲೆಯೆತ್ತಿ ನೋಡಿ, ಆಗ ತಾನೇ ಕಂಡವಳಂತೆ, ‘ಬನ್ನಿ ಸ್ವಾಮಿ, ಬನ್ನಿ. ಏನ್ ಕೊಡ್ಲಿ?’ ಅನ್ನುವಳು.

ಚಡ್ಡಿ ಜಾರುತ್ತಿದ್ದ ಹುಡುಗನಿಗೆ ‘ಬನ್ನಿ ಸ್ವಾಮಿ’!

‘ಒಂದು ಪೆಪ್ಪರ್‌ಮಿಂಟ್ ಕೊಡಿ’ ಅನ್ನುತ್ತಿದ್ದೆ. ಬೋಣಿ ಸಿಹಿಯಲ್ಲೇ ಆಗಬೇಕೆಂದು ಆಕೆಯ ನಿಯಮ. ಕಾಸನ್ನು ಎರಡೂ ಕಣ್ಣಿಗೊತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಡಬ್ಬಿಗೆ ಹಾಕಿ, ‘ನಿಮ್ ಕೈಗುಣ ಬಂಗಾರ ಸ್ವಾಮಿ. ನಾಳೀಕೂ ಬನ್ನಿ’ ಅನ್ನುವಳು.

ಮದುವೆಯಾದ ಹೊಸದರಲ್ಲಿ ಈ ಕಥೆಯನ್ನು ನನ್ನ ಹೆಂಡತಿ ಶಾರದೆಗೆ ಹೆಮ್ಮೆಯಿಂದ ಹೇಳಿದೆ. ಆಕೆ ಕೇಳಿದಳು: ‘ಅಂದ್ರೆ ಅಜ್ಜಿ ದುಡ್ಡು ಅಜ್ಜಿ ಡಬ್ಬಿಗೇ ಹೋಯ್ತು. ಪೆಪ್ಪರ್‌ಮಿಂಟ್ ನಿಮ್ಮ ಹೊಟ್ಟೆಗೆ ಹೋಯ್ತು. ಇದು ಬೋಣಿನಾ?’

ಶಾರದೆ ಬಿ.ಕಾಂ. ಓದಿದವಳು. ಅವಳಿಗೆ ಕೆಲವು ವಿಷಯ ಅರ್ಥವಾಗುವುದಿಲ್ಲ.

ಇರಲಿ. ನಾನು ಹೇಳಬೇಕೆಂದಿರುವುದು ಇಷ್ಟು. ಈ ವಯಸ್ಸಿನವರೆಗೂ ನನಗೆ ಜೀವನದಲ್ಲಿ ಸಿಕ್ಕಿದ ಒಂದೇ ಒಂದು ಒಳ್ಳೆಯ ಸರ್ಟಿಫಿಕೇಟು ಅದು. ಪಾಲಿಸಿ ಮಾಡಿಸಲು ಯಾರದೋ ಮನೆಯ ಮುಂದೆ ನಿಂತು, ಬೆಲ್ ಒತ್ತಲೋ ಬೇಡವೋ ಎಂದು ಬೆವರುವಾಗ, ಮನಸ್ಸಿನಲ್ಲೇ ‘ನಿಮ್ ಕೈಗುಣ ಬಂಗಾರ ಸ್ವಾಮಿ’ ಎಂದುಕೊಂಡು ಬೆಲ್ ಒತ್ತಿದ್ದೇನೆ. ಈಗ ಯಾರೋ ಸವಿತಾ ಬಂದು, ಕ್ರೀಮ್ ಬಿಸ್ಕತ್ತಿನ ಸಮೇತ, ಆ ಸರ್ಟಿಫಿಕೇಟಿನ ಇನ್ನೊಂದು ಕಾಪಿ ತೋರಿಸಿದರೆ?

ಪಂಕ್ತಿ ಎದ್ದ ಮೇಲೆ ಆಕೆಯನ್ನು ಒಂದು ಕುರ್ಚಿಯಲ್ಲಿ ಕೂರಿಸಿ ವಿಚಾರಿಸಿದೆ. ವಿಚಾರಣೆ ಅಂತಲೇ ಅನ್ನಿ.

ಕೋಡಿಹಳ್ಳಿ ಈಗ ನಾನು ಬಿಟ್ಟು ಬಂದ ಕೋಡಿಹಳ್ಳಿಯಲ್ಲ. ಆಗ ಅಪರೂಪಕ್ಕೊಂದು ಬಸ್ಸು. ಈಗ ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನುಗಳು ಸಾಲಾಗಿ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಫ್ಯಾಕ್ಟರಿಗಳ ಕಡೆಗೆ ಓಡುತ್ತವೆ. ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಕೈಗಳು ಈಗ ಯಾವುದೋ ದೇಶದವರ ಶರ್ಟಿಗೆ ಕಾಲರ್ ಹೊಲಿಯುತ್ತವೆ. ಅಜ್ಜಿ ಅದನ್ನು ನೋಡಿದಳು. ಸೀಮೆಎಣ್ಣೆ ಡ್ರಮ್ಮು ಹೊರಗೆ ಹೋಯಿತು. ಶಾಂಪೂ ಪ್ಯಾಕೆಟ್ಟಿನ ಸರಗಳು ತೂಗಿದವು. ಸೇಫ್ಟಿ ಪಿನ್ನು, ಹೇರ್ ಕ್ಲಿಪ್ಪು, ಮಡಚುವ ಕೊಡೆ, ಕೆಂಪು ಬಣ್ಣದ ಕಾಯಿನ್ ಫೋನು, ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ಜು. ವ್ಯಾನಿಗೆ ಕಾಯುವ ಹುಡುಗಿಯರಿಗೆ ಕೂರಲು ಒಂದು ಬೆಂಚು ಹಾಕಿಸಿದಳು.

ಆ ವಯಸ್ಸಿನಲ್ಲಿ! ನಾನು ಎಷ್ಟು ಸಲ ಹೇಳಿದ್ದೆ, ‘ಅಂಗಡಿ ಮುಚ್ಚಿಬಿಡಜ್ಜಿ, ರಸ್ತೆಯಲ್ಲಿ ಕಲ್ಲಿನ ಲಾರಿಗಳು ಹೆಚ್ಚಾಗಿವೆ, ಯಾವುದಾದರೂ ನುಗ್ಗಿಬಿಟ್ಟರೆ?’ ಅಂತ. ‘ಫ್ರಿಜ್ಜಿನ ವೈರಿನಿಂದ ಶಾಕ್ ಹೊಡೆದರೆ?’ ಅಂತ. ಆಕೆ, ‘ಅಂಗ್ಡಿ ಮುಚ್ಚುದ್ರೆ ಬೆಳಗ್ಗೆದ್ದು ಯಾರ್ ಮಕ ನೋಡ್ಲಿ?’ ಅನ್ನುತ್ತಿದ್ದಳು. ಆಗ ನನಗೆ ಅದು ಸುಮ್ಮನೆ ಆಡಿದ ಮಾತು ಅನ್ನಿಸಿತ್ತು. ಯಾರ ಮುಖ ಅನ್ನುವುದು ಈಗ ಗೊತ್ತಾಯಿತು. ಎದುರಿಗೇ ಕೂತಿತ್ತು.

‘ನಾನ್ ಮದ್ವೆ ಆಗ್ ಬಂದ್ ವರ್ಸಾನೇ ನಮ್ಮಾವ ಓಗ್ಬುಟ್ರು ಸಾರ್. ಎಮ್ಮೆನೂ ಸತ್ತೋಯ್ತು’ ಎಂದು ಸವಿತಾ ಶುರುಮಾಡಿದಳು. ‘ನಮ್ಮತ್ತೆ ನನ್ ಕಾಲ್ಗುಣ ಸರಿ ಇಲ್ಲ ಅಂತ ಊರೆಲ್ಲ ಏಳ್ಕಂಡ್ ಬಂದ್ರು. ಯಾರ್ ಮನೆ ಕಾರ್ಯುಕ್ಕೂ ಕರೀತಿರ್ಲಿಲ್ಲ. ನಾನು ವ್ಯಾನ್‌ಗೆ ಅಂತ ಬಂದು ಅಜ್ಜಿ ಅಂಗ್ಡಿ ಬೆಂಚ್ ಮೇಲೂ ಕೂರ್ದೆ ದೂರ ನಿಂತಿರ್ತಿದ್ದೆ. ಒಂದಿನ ಅಜ್ಜಿ ಕರುದ್ರು. ಬಾರವ್ವ, ಬೋಣಿ ಮಾಡು ಅಂದ್ರು. ನಾನು, ಬ್ಯಾಡ ಅಜ್ಜಿ, ನನ್ ಕಾಲ್ಗುಣ ಸರಿ ಇಲ್ವಂತೆ ಅಂದೆ.’

‘ಅದಕ್ಕೆ?’

‘ನಿನ್ ಕಾಲ್ಗುಣ ಕಟ್ಕಂಡ್ ನಂಗೇನಾಗ್ಬೇಕವ್ವ, ನಂಗ್ ಬೇಕಿರೋದು ಕೈಗುಣ, ಎಲ್ಲಿ ಕೈ ನೀಡು ಅಂದ್ರು.’

ಹೇಳುವಾಗ ಆಕೆ ಮತ್ತೆ ಅತ್ತಳು. ಸುತ್ತ ನಿಂತಿದ್ದ ಹೆಂಗಸರೂ ಕಣ್ಣೊರೆಸಿಕೊಂಡರು. ಶಾರದೆಯಂತೂ ಆಕೆಯ ಬೆನ್ನು ಸವರುತ್ತಿದ್ದಳು. ನಾನೂ ಟವೆಲ್ ಮುಖಕ್ಕೆ ಒತ್ತಿಕೊಂಡೆ, ಸುಳ್ಳು ಹೇಳುವುದಿಲ್ಲ. ಆದರೂ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ.

‘ನೀವು ಹೋದಾಗ ಅಜ್ಜಿ ಏನಂತ ಕರೀತಿದ್ದಳು?’

ಸವಿತಾ ಕಣ್ಣೀರಿನ ನಡುವೆಯೇ ನಕ್ಕಳು. ‘ಬನ್ನಿ ಮೇಡಂ, ಬನ್ನಿ. ಏನ್ ಕೊಡ್ಲಿ? ಅನ್ನೋರು ಸಾರ್. ನನ್ನ ಯಾರು ಸಾರ್ ಮೇಡಂ ಅಂತಾರೆ?’

ನೋಡಿ. ನಾನು ಬರೀ ಸ್ವಾಮಿ. ಈಕೆ ಮೇಡಂ. ಕಾಲಕ್ಕೆ ತಕ್ಕಂತೆ ಅಜ್ಜಿ ಶಾಂಪೂ ಮಾತ್ರವಲ್ಲ, ನನ್ನನ್ನೂ ಬದಲಾಯಿಸಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ಪಂಕ್ತಿಯಲ್ಲಿ ಮನೆಯವರೆಲ್ಲ ಊಟಕ್ಕೆ ಕೂತಾಗ ಗೌರತ್ತೆ ಹೇಳಿದಳು: ‘ಶುಕ್ರವಾರ ಅಂಗ್ಡಿ ತಗೀತೀನಿ. ಅವ್ವ ಇದ್ದಿದ್ರೆ ಇಷ್ಟ್ ದಿನ ಮುಚ್ಚಕ್ ಬುಡ್ತಿರ್ಲಿಲ್ಲ.’

‘ಒಳ್ಳೆಯದೇ. ಬೋಣಿ?’ ಅಂದೆ, ಮುದ್ದೆ ಮುರಿಯುವುದರಲ್ಲೇ ಗಮನ ಇರುವವನಂತೆ.

‘ಸವಿತಾ ಅವ್ಳಲ್ಲ? ಅವ್ಳೇ ಮಾಡ್ಲಿ ಬುಡು. ಅವ್ಳ್ ಕೈ ಅಂಗ್ಡಿಗೆ ಆಗ್ಬಂದೈತೆ.’

ಸಾರು ಸಪ್ಪೆಯಾಗಿದೆ ಅಂದೆ. ಸಾರು ಸಪ್ಪೆಯಾಗಿರಲಿಲ್ಲ.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತಿದ್ದ ಶಾರದೆ ಅಂದಳು: ‘ಪಾಪದ ಹುಡುಗಿ ಕಣ್ರೀ.’

‘ಹೂಂ.’

‘ಐವತ್ತು ದಾಟಿದ ಗಂಡಸು ಆ ಹುಡುಗಿ ಮೇಲೆ ಹೊಟ್ಟೆಕಿಚ್ಚು ಪಡ್ತಿದ್ದಾರೆ ಅಂದ್ರೆ ಜನ ನಗ್ತಾರೆ.’

‘ಯಾರು ಪಡ್ತಿರೋದು?’

‘ನಾನು ಬೇರೆ ಯಾರ್ದೋ ವಿಷ್ಯ ಹೇಳ್ದೆ’ ಅಂದಳು.

ಶುಕ್ರವಾರ ಬೆಳಗ್ಗೆ ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮಾಡಿದೆ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. ಶಾರದೆ ಅರೆನಿದ್ದೆಯಲ್ಲಿ ‘ಎಲ್ಲಿಗೆ?’ ಅಂದಳು. ‘ಒಂದು ಪಾರ್ಟಿ ನೋಡಬೇಕು’ ಅಂದೆ. (ನಮ್ಮ ಕಸುಬಿನಲ್ಲಿ ಪಾಲಿಸಿ ಮಾಡಿಸುವವರಿಗೆ ಪಾರ್ಟಿ ಅನ್ನುತ್ತೇವೆ.)

‘ಇಷ್ಟು ಹೊತ್ತಿಗೆ ಎದ್ದು ವಿಮೆ ಮಾಡಿಸ್ಕೊಳ್ಳೋ ಪಾರ್ಟಿ ಯಾವುದು?’ ಅಂದವಳು, ಮಗ್ಗುಲು ಬದಲಾಯಿಸಿ, ‘ಪಾರ್ಟಿ ಅಂಗಡೀಲಿ ನಂಗೂ ಒಂದು ಹೇರ್ ಕ್ಲಿಪ್ಪು ತಗೊಳ್ಳಿ’ ಎಂದು ಮುಸುಕು ಎಳೆದುಕೊಂಡಳು.

ಕನಕಪುರದಿಂದ ಕೋಡಿಹಳ್ಳಿಯ ರಸ್ತೆ ಆ ಹೊತ್ತಿಗೆ ನನ್ನದು ಅಂದುಕೊಂಡಿದ್ದೆ. ಎಲ್ಲಿಯ ಮಾತು! ಎದುರಿನಿಂದ ಫ್ಯಾಕ್ಟರಿ ವ್ಯಾನುಗಳ ಹೆಡ್‌ಲೈಟು. ಒಂದೊಂದು ವ್ಯಾನು ದಾಟಿದಾಗಲೂ ಸ್ಕೂಟರು ನಿಧಾನ ಮಾಡಿ ಕಿಟಕಿಗಳನ್ನು ನೋಡಿದೆ. ಸವಿತಾ ಆಗಲೇ ಬೋಣಿ ಮುಗಿಸಿ ವ್ಯಾನು ಹತ್ತಿಬಿಟ್ಟಿದ್ದರೆ? ಒಂದು ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು ನನ್ನ ನೋಟ ಕಂಡು ಪಕ್ಕದವಳಿಗೆ ಏನೋ ಹೇಳಿದಳು. ಇಬ್ಬರೂ ನನ್ನನ್ನು ದುರುಗುಟ್ಟಿದರು. ತಲೆ ತಗ್ಗಿಸಿಕೊಂಡು ಎಕ್ಸಲರೇಟರ್ ತಿರುವಿದೆ. ಪೊಲೀಸ್ ಕಂಪ್ಲೇಂಟು ಆದರೆ ಏನು ಹೇಳುವುದು? ಬೋಣಿಗೆ ಹೋಗುತ್ತಿದ್ದೆ ಸಾರ್ ಅಂದರೆ ನಂಬುತ್ತಾರೆಯೇ?

ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿದಾಗ ಗೌರತ್ತೆ ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಮೆಟ್ಟಿಲ ಪಕ್ಕದಲ್ಲಿ, ಟಿಫನ್ ಚೀಲ ಹಿಡಿದುಕೊಂಡು, ಸವಿತಾ.

ಸೋತೆ ಅಂದುಕೊಂಡೆ.

‘ಬಂದ್ರಾ ಸಾರ್? ನಿಮ್ಮನ್ನೇ ಕಾಯ್ತಿದ್ದೆ’ ಅಂದಳು.

‘ನಾನು ಬರುತ್ತೇನೆ ಅಂತ ಯಾರು ಹೇಳಿದರು?’

ಒಳಗಿನಿಂದ ಗೌರತ್ತೆ, ‘ಯಾರ್ಲಾ ಏಳ್ಬೇಕು? ಅವತ್ ಊಟುಕ್ ಕುಂತಾಗ ನಿನ್ ಮಕ ನೋಡುದ್ರೆ ಗೊತ್ತಾಯ್ತಿರ್ಲಿಲ್ವ?’ ಅಂದಳು.

ಸವಿತಾ ಪಕ್ಕಕ್ಕೆ ಸರಿದು ಮೆಟ್ಟಿಲು ಬಿಟ್ಟುಕೊಟ್ಟಳು. ‘ನೀವೇ ಮಾಡಿ ಸಾರ್. ನಿಮ್ದು ಮೊದ್ಲಿಂದು. ಅಜ್ಜಿ ನಿಮ್ ವಿಷ್ಯ ಏಳ್ತಾನೇ ಇರೋರು. ನಮ್ ರಾಜ ಬೋಣಿ ಮಾಡೋನು, ನಮ್ ರಾಜ ಪೇಪರ್‌ನಾಗೆ ಬರೀತಾನೆ ಅಂತ.’

ಅಸೂಯೆ ಪಡುವವನಿಗೆ ಎದುರಾಳಿಯ ಒಳ್ಳೆಯತನದಷ್ಟು ತೊಂದರೆ ಕೊಡುವುದು ಇನ್ನೊಂದಿಲ್ಲ. ಆಕೆ ಜಗಳ ಆಡಿದ್ದರೆ ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡುತ್ತಿದ್ದೆನೇನೋ. ಮರ್ಯಾದಸ್ಥ ಯಾರೇ ಆಗಿದ್ದರೂ ‘ಇಲ್ಲಮ್ಮ, ನೀನೇ ಮಾಡು’ ಅನ್ನುತ್ತಿದ್ದರು. ನಾನೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೋಡುತ್ತೇನೆ, ನನ್ನ ಕೈ ಆಗಲೇ ಜೇಬಿನಲ್ಲಿತ್ತು.

ವ್ಯಾನು ಬಂದು ಹಾರನ್ ಹೊಡೆಯಿತು. ‘ಬತ್ತೀನಿ ಅತ್ತೆ, ಬತ್ತೀನಿ ಸಾರ್’ ಅಂದವಳೇ ಸವಿತಾ ಓಡಿ ಹತ್ತಿಕೊಂಡಳು. ಅವತ್ತು ಏನೂ ಕೊಳ್ಳಲಿಲ್ಲ. ಬೋಣಿಯಾಗುವವರೆಗೆ ಆಕೆ ಕೊಳ್ಳುವಂತಿರಲಿಲ್ಲವಲ್ಲ.

ದೀಪ ಹಚ್ಚಿದ್ದಾಯಿತು. ಊದುಬತ್ತಿ ತಕ್ಕಡಿಗೆ ಸುತ್ತು ಬಂತು. ನಾನು ಒಮ್ಮೆ ಮೆಟ್ಟಿಲಿಳಿದು, ಆಚೆ ನಾಲ್ಕು ಹೆಜ್ಜೆ ಹೋಗಿ, ಅಪರಿಚಿತನಂತೆ ಮತ್ತೆ ಬಂದು ನಿಂತೆ. ಎದುರಿನ ಹೊಂಗೆ ಮರ ರಸ್ತೆ ಅಗಲ ಮಾಡುವಾಗ ಹೋಗಿದೆ. ಅಜ್ಜಿ ಕೂರುತ್ತಿದ್ದ ಮಣೆಯ ಮೇಲೆ ಗೌರತ್ತೆ ಕೂತಿದ್ದಳು. ನಾನು ಕಾದೆ.

‘ಏನ್ಲಾ, ಅಂಗೇ ನಿಂತ್ಕಂಡೆ? ಏನ್ ಬೇಕು?’ ಅಂದಳು.

‘ಒಂದು ಪೆಪ್ಪರ್‌ಮಿಂಟ್ ಕೊಡಿ.’

‘ಅದೆಲ್ ಬತ್ತದೆ ಈಗ? ಚಾಕ್ಲೇಟ್ ಐತೆ. ಆಗ್ಬೋದಾ?’

ಆಗಬಹುದು ಅಂದೆ. ಆಕೆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಡಬ್ಬಿಗೆ ಹಾಕಿದಳು. ತಕ್ಕಡಿಗೆ ಮುಟ್ಟಿಸುವುದನ್ನು ಮರೆತಳು. ನಾನು ನೆನಪಿಸಲಿಲ್ಲ. ಚಾಕ್ಲೇಟು ಬಾಯಿಗೆ ಹಾಕಿಕೊಂಡು ಸ್ಕೂಟರು ಹತ್ತಿದೆ. ಗೆದ್ದು ಬರುವವನಿಗೆ ಗಾಳಿ ತಂಪಾಗಿರಬೇಕು. ಕಲ್ಲಿನ ಲಾರಿಯ ಹಿಂದೆ ಧೂಳು ಕುಡಿಯುತ್ತಾ ಬಂದೆ.

ಇಡೀ ದಿನ ಚಿಂತೆ. ವ್ಯಾಪಾರ ಹೇಗಾಯಿತೋ? ಸಂಜೆ ತಡೆಯಲಾರದೆ ಅಂಗಡಿಯ ಕಾಯಿನ್ ಫೋನಿಗೆ ಫೋನ್ ಮಾಡಿದೆ.

‘ಏನ್ ಯಾಪಾರ ಅಂತೀಯಪ್ಪ?’ ಗೌರತ್ತೆಯ ದನಿ ಬಳಲಿತ್ತು. ‘ನೀನ್ ಅತ್ಲಾಗೋದೆ, ಇತ್ಲಾಗೆ ಮಣ್ ಅಗ್ಯೋ ಮಿಷನ್ನು ಬಂದು ಅಂಗ್ಡಿ ಮುಂದ್ಕೇ ನಿಂತ್ಕಂತು. ಅಂಗ್ಡಿ ಐತೋ ಇಲ್ವೋ ಅಂತ ಯಾರ್ಗೂ ಕಾಣ್ದಂಗೆ. ಫ್ರಿಜ್ ಕೆಟ್ಟೋಯ್ತು. ಹಾಲೆಲ್ಲ ಒಡ್ದೋಯ್ತು. ಬೆಳಗ್ಗಿಂದ ನೊಣ ಒಡ್ಕಂಡ್ ಕುಂತಿವ್ನಿ. ನಿನ್ ಕೈಗುಣ ಗೊತ್ತಿದ್ದೂ ಬೋಣಿ ಮಾಡಿಸ್ಕಂಡ್ನಲ್ಲ, ನಂಗ್ ಬುದ್ಧಿ ಇಲ್ಲ.’

‘ಗೊತ್ತಿದ್ದೂ ಅಂದ್ರೆ?’

‘ಅಂದ್ರೆ ಏನು? ನೀನ್ ಹುಡ್ಗ ಆಗಿದ್ದಾಗ್ಲೂ ಇಂಗೇ ಅಲ್ವ? ನೀನ್ ಬೋಣಿ ಮಾಡ್ದ ದಿನ ಮಧ್ಯಾನದ್‌ವರ್ಗೂ ಒಂದ್ ನರಪಿಳ್ಳೆ ಬತ್ತಿರ್ಲಿಲ್ಲ.’

ಕುರ್ಚಿ ಎಳೆದುಕೊಂಡೆ. ಕೂತೆ. ವಾದವನ್ನೂ ಮಾಡಿದೆ. ‘ಅತ್ತೆ, ಆಗ ಊರಿಗೆ ಸರಿಯಾಗಿ ಬಸ್ಸೇ ಇರಲಿಲ್ಲ. ಜನ ಎಲ್ಲಿಂದ ಬರಬೇಕು? ಈಗ ಫ್ಯಾಕ್ಟರಿಗಳಾಗಿವೆ, ವ್ಯಾನುಗಳು ಬರುತ್ತವೆ. ಯಾರು ಬೋಣಿ ಮಾಡಿದರೂ ವ್ಯಾಪಾರ ಆಗುತ್ತದೆ.’

‘ಬಸ್ ಇಲ್ದಿದ್ರೂ ಕೆಲವ್ ದಿನ ಚೆಂದಾಗಿ ಯಾಪಾರ ಆಯ್ತಿತ್ತಲ್ಲ?’

‘ಯಾವ ದಿನ?’

‘ನಿಂಗ್ ಜ್ವರ ಬಂದು ಮಲಗಿದ್ ದಿನ.’

ಗೌರತ್ತೆಯೇ ಮುಂದುವರಿಸಿದಳು. ‘ನಾನೇ ಎಷ್ಟ್ ಸಲ ಏಳಿವ್ನಿ, ಅವ್ವ, ಬ್ಯಾರೆ ಯಾರ್ನಾದ್ರೂ ಕರಿಯವ್ವ ಅಂತ. ನಿನ್ ಕೆಲ್ಸ ನೀನ್ ನೋಡ್ಕ ಅಂತ ನಂಗೇ ಬಯ್ಯೋಳು. ನಿಂಗ್ ಜ್ವರ ಬುಡ್ತಿದ್ದಂಗೆ ಎಬ್ಬುಸ್ಕ ಬಂದು, ರಗ್ ಒದುಸ್ಕಂಡೇ ಮತ್ತೆ ಮೆಟ್ಲ್ ಮೇಲೆ ನಿಲ್ಲುಸ್ತಿದ್ಲು. ಬನ್ನಿ ಸ್ವಾಮಿ ಅಂತ.’

ರಗ್ಗು ನೆನಪಾಯಿತು. ಬೂದುಬಣ್ಣದ್ದು, ಚುಚ್ಚುತ್ತಿತ್ತು. ಆ ಬೆಳಗ್ಗೆಗಳಲ್ಲೂ ಆಕೆ ನಾಣ್ಯವನ್ನು ಎರಡೂ ಕಣ್ಣಿಗೊತ್ತಿಕೊಂಡಿದ್ದಳು. ನಿಮ್ ಕೈಗುಣ ಬಂಗಾರ ಅಂದಿದ್ದಳು. ನಾಳೀಕೂ ಬನ್ನಿ ಅಂದಿದ್ದಳು. ಮೂರು ಮಕ್ಕಳನ್ನು ಆ ಜಗಲಿಯ ಅಂಗಡಿಯಲ್ಲೇ ಸಾಕಿದವಳು, ವ್ಯಾಪಾರ ಕೆಡುತ್ತದೆಂದು ಗೊತ್ತಿದ್ದೂ.

‘ಮತ್ತೆ ಸವಿತಾ?’ ಅಂದೆ. ‘ಅವಳದೂ ಹೀಗೇನಾ?’

‘ಅವ್ಳ್ ಕೈ ನಿಜ್ವಾಗ್ಲೂ ಬಂಗಾರ ಕಣ್ಲಾ. ಅವ್ಳ್ ಬೋಣಿ ಮಾಡುದ್ರೆ ಯಾಪಾರ ಮಾಡಿ ಮಾಡಿ ಸೊಂಟ ಬಿದ್ದೋಯ್ತದೆ. ಅದುಕ್ಕೇ ಅವ್ವ ಅವ್ಳು ಬರೋಗಂಟ ಕಾಯ್ತಿದ್ದಿದ್ದು. ನಾಳೆಯಿಂದ ಅವ್ಳೇ ಮಾಡ್ಲಿ, ನೀನು ಈ ಕಡೀಕ್ ಬರ್ಬೇಡ’ ಎಂದು ಗೌರತ್ತೆ ಫೋನಿಟ್ಟಳು.

ಶಾರದೆ ಕಾಫಿ ತಂದಿಟ್ಟು, ನನ್ನ ಮುಖ ನೋಡಿ, ‘ಏನಾಯ್ತು? ಸೋತ್ರಾ?’ ಅಂದಳು.

ಸವಿತಾಳನ್ನು ಅಜ್ಜಿ ಕಾಯುತ್ತಿದ್ದುದು ಅವಳ ಕೈಗುಣ ಚೆನ್ನಾಗಿದೆ ಎಂದು. ನನ್ನನ್ನು ಕರೆಯುತ್ತಿದ್ದುದು ಚೆನ್ನಾಗಿಲ್ಲವೆಂದು ಗೊತ್ತಿದ್ದೂ.

ಈಗ ಹೇಳಿ, ಹೊಟ್ಟೆ ಉರಿದುಕೊಳ್ಳಬೇಕಾದವರು ಯಾರು?